ಸುತ್ತಲ ಮಣ್ಣು ಸಮೇತ

ಹೂಂಗುಟ್ಟೋರು ಹತ್ತಿರ ಬನ್ನಿ, ನಿದ್ದೆ ಬಂದೋರು ಗೋಡೆಗೆ ಒರಗಿ. ಬೋರಮ್ಮ ಅಂತ ಒಬ್ಬ ತಾಯಿ, ಅವಳಿಗೆ ಮಾಯಣ್ಣ ಅಂತ ಒಬ್ಬ ಮಗ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಆದರೆ ಹೇಳಿದ ಮಾತನ್ನು ಒಂದಕ್ಷರ ಬಿಡದೆ ಮಾಡುತ್ತಿದ್ದ. ಅಂಥ ಮಗ ನಿಮ್ಮಲ್ಲಿ ಯಾರ ಮನೆಯಲ್ಲಿದ್ದಾನೆ, ಕೈ ಎತ್ತಿ ನೋಡೋಣ.

ಮಗಳು ಸಾವಂತ್ರಿ ಪಕ್ಕದೂರಿನ ಗಂಡನ ಮನೆಯಲ್ಲಿ ತುಂಬಿದ ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನೋದೊಂದೇ ಬೋರಮ್ಮನ ಆಸೆ. ಅದಕ್ಕಂತಲೇ ಹಿತ್ತಲ ನೆಲದಲ್ಲಿ ಬಾಣಂತಿಗೆ ಸಬ್ಬಸಿಗೆ ಬಿತ್ತಿದ್ದಳು, ಹಳೇ ಮಡಕೆಗಳಲ್ಲಿ ಕೂಸಿನ ನೆಗಡಿಗೆ ದೊಡ್ಡಪತ್ರೆ ನೆಟ್ಟಿದ್ದಳು.

"ನೆಲದ ಗಿಡ ತನ್ನ ನೀರು ತಾನೇ ಹುಡುಕ್ಕೊಳ್ತದೆ ಕಣೋ ಮಾಯಣ್ಣ. ಮಡಕೆ ಗಿಡಕ್ಕೆ ನಾವೇ ಗತಿ. ದಿನಾ ಒಂದೊಂದು ಚೆಂಬು ಹಾಕು, ತಪ್ಪಿಸಬೇಡ."

"ಹಂಗೇ ಆಗ್ಲಿ ಕಣವ್ವ."

ಮಾರನೇ ದಿನದಿಂದ ಜಡಿಮಳೆ. ಮಾಯಣ್ಣ ಗೋಣಿಕೊಪ್ಪೆ ಹಾಕಿಕೊಂಡು, ಬಾವಿಯಿಂದ ನೀರು ಸೇದಿ ಸೇದಿ ಮಡಕೆಗೆ ಹಾಕಿದ. ಒಂದು ದಿನವೂ ತಪ್ಪಿಸಲಿಲ್ಲ. ಅರ್ಧ ದೊಡ್ಡಪತ್ರೆ ಕೊಳೆತುಹೋಯಿತು.

"ಅಯ್ಯೋ ಮಂಕೇ, ಮೊದಲು ಬೆರಳಿಟ್ಟು ನೋಡಬೇಕು. ಒಣಗಿದ್ರೆ ನೀರು ಕೊಡು, ಒದ್ದೆ ಇದ್ರೆ ಬೇಡ."

"ಹಂಗೇ ಆಗ್ಲಿ ಕಣವ್ವ."

ಮಳೆ ಬಿಟ್ಟ ಮೇಲೆ ಬೀಗರು ಬಂದರು, ಸಾವಂತ್ರಿಯ ಮಾವ. ಸೊಸೆಯನ್ನು ಕಳಿಸುವ ಮುಂಚೆ ಮನೆ ಹೇಗಿದೆ ನೋಡೋಣ ಅಂತ. ಬಿಸಿಲಲ್ಲಿ ನಡೆದು ಬಂದವರು ಜಗಲಿ ಮೇಲೆ ಕೂತು, "ಒಂದು ಲೋಟ ನೀರು ಕೊಡಪ್ಪ" ಅಂತ ಬಾಯಿ ತೆರೆದರು. ಮಾಯಣ್ಣ ನೀರು ತಂದ, ಕೊಡುವ ಮುಂಚೆ ಆ ಬಾಯೊಳಗೆ ಬೆರಳಿಟ್ಟು ನೋಡಿದ. "ಒದ್ದೆ ಐತೆ, ಬೇಡ," ಅಂದು ತಂದ ನೀರನ್ನು ಹಾಗೇ ಒಳಗೆ ತಗೊಂಡು ಹೋದ.

ಬೀಗರು ಚಪ್ಪಲಿ ಮೆಟ್ಟಿದರು. "ನಮ್ಮ ಸೊಸೆ ನಮ್ಮನೇಲೇ ಹೆರಲಿ ಬಿಡಿ," ಅಂದು ಹೊರಟೇ ಹೋದರು.

ಬೋರಮ್ಮ ತಲೆ ಮೇಲೆ ಕೈಹೊತ್ತು ಕೂತಳು. "ನೀರು ಕೊಡೋ ರೀತಿ ಇದೇನೋ? ಒಳಕ್ಕೆ ಕರೀಬೇಕು, ಚಾಪೆ ಹಾಸಿ ಕೂರಿಸಬೇಕು, ಬೇಕಾ ಅಂತ ಕೇಳಿ ಕೊಡಬೇಕು."

"ಹಂಗೇ ಆಗ್ಲಿ ಕಣವ್ವ."

ಬೆಳಗ್ಗೆ ಗಿಡಕ್ಕೆ ನೀರು ಕೊಡುವ ಹೊತ್ತಾಯಿತು. ಮಾಯಣ್ಣ ನಡುಮನೆಯಲ್ಲಿ ಚಾಪೆ ಹಾಸಿದ. ಮಡಕೆಗಳನ್ನು ಎತ್ತಿ ತಂದು ಸಾಲಾಗಿ ಕೂರಿಸಿದ. ಬೇಕಾ ಅಂತ ಎಲ್ಲರನ್ನೂ ಕೇಳಬೇಕಲ್ಲ ಅಂತ ನೆಲದ ಸಬ್ಬಸಿಗೆಯನ್ನೂ ಕರೆದ, ಅದು ಬರಲಿಲ್ಲ. ಮತ್ತೂ ಕರೆದ, ಬರಲಿಲ್ಲ. ಸಂಕೋಚ ಇರಬೇಕು ಅಂತ ಒಂದೊಂದನ್ನೇ ಹಿಡಿದೆಳೆದು ತಂದು ಚಾಪೆ ಮೇಲೆ ಮಲಗಿಸಿದ. ಬೋರಮ್ಮ ಬಂದಾಗ, ಪಾಪ, ಎಷ್ಟು ಮರ್ಯಾದೆಯಿಂದ ಕೇಳುತ್ತಿದ್ದ ಅಂತೀರಿ, "ನೀರು ಬೇಕಾ? ನಿಮಗೆ ಬೇಕಾ?"

ಬೋರಮ್ಮ ಬಾಡಿದ ಸಬ್ಬಸಿಗೆಯನ್ನು ಮಡಿಲಿಗೆ ಹಾಕಿಕೊಂಡು ಅತ್ತಳು. "ಮಡಕೆ ಗಿಡ ಕರೆದಲ್ಲಿಗೆ ಬರ್ತದೆ ಕಣಪ್ಪ. ನೆಲದ್ದು ಬೇರು ಬಿಟ್ಟಿರ್ತದೆ. ತರಲೇಬೇಕು ಅಂದ್ರೆ ಸುತ್ತಲ ಮಣ್ಣು ಸಮೇತ ತರಬೇಕು. ತಂದ ತಕ್ಷಣ ಬುಡಕ್ಕೆ ನೀರು, ಆಮೇಲೆ ಗೊಬ್ಬರ. ಈಗ ಗಾಡಿ ಕಟ್ಟು. ಬೀಗರ ಹತ್ರ ತಪ್ಪಾಯ್ತು ಅಂತ ಹೇಳಿ ತಂಗೀನ ಕರ್ಕೊಂಡು ಬಾ."

ಮಾಯಣ್ಣ ಹೋದ. ಅಲ್ಲಿ ಸಾವಂತ್ರಿ ಅತ್ತೆಯ ಮುಂದೆ ಕೂತು ತಲೆ ಬಾಚಿಸಿಕೊಳ್ಳುತ್ತಿದ್ದಳು. ಮಾಯಣ್ಣ ನೋಡಿದ. ಇದು ಮಡಕೆ ಗಿಡವಲ್ಲ, ನೆಲಕ್ಕೆ ಬೇರು ಬಿಟ್ಟಿದೆ.

"ಅತ್ತೆ, ನೀವೂ ಗಾಡಿ ಹತ್ತಿ. ನಿಮ್ಮನ್ನ ಬಿಟ್ಟು ತಂದ್ರೆ ನನ್ ತಂಗಿ ಬಾಡೋಗ್ತಾಳೆ."

ಅಷ್ಟು ಒಳ್ಳೇ ಮಾತನ್ನು ಆ ಮನೆಯಲ್ಲಿ ಆಕೆಗೆ ಯಾರೂ ಹೇಳಿರಲಿಲ್ಲ. ಕಣ್ಣೊರೆಸಿಕೊಂಡು ಸೊಸೆಯ ಜೊತೆ ಗಾಡಿ ಹತ್ತಿದಳು. ಆಕೆಯ ಮಗ, ಸಾವಂತ್ರಿಯ ಗಂಡ, ಅವನೂ ಹತ್ತಿದ. ಇನ್ನು ಅನ್ನ ಬೇಯಿಸಿ ಹಾಕೋರು ಯಾರು ಅಂತ ಬೀಗರೂ ಹತ್ತಿದರು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿಕೊಂಡು. ಮಾಯಣ್ಣ ಒರಳುಕಲ್ಲನ್ನೂ ಬೆಕ್ಕನ್ನೂ ಏರಿಸಿದ.

ನೀವೋ ನಾನೋ ಹೋಗಿದ್ದರೆ ತಪ್ಪಾಯ್ತು ಅಂದು ಬರಿಗೈಲಿ ಬರುತ್ತಿದ್ದೆವು. ಈ ಪೆದ್ದ ಮನೆಗೆ ಮನೆಯನ್ನೇ ತಂದ.

ಅಂಗಳದಲ್ಲಿ ಎಲ್ಲರನ್ನೂ ಇಳಿಸಿ, ಓಡಿಹೋಗಿ ಕೊಡದಲ್ಲಿ ನೀರು ತಂದು ಬೀಗರ ಕಾಲಿಗೆ ಸುರಿದ. ಬೀಗರ ಮುಖ ಅರಳಿತು. "ಕಾಲಿಗೆ ನೀರು ಕೊಡೋದು ಬಲ್ಲ ಹುಡುಗ. ಹೆರಿಗೆ ಇಲ್ಲೇ ಆಗಲಿ," ಅಂದರು.

ಬೋರಮ್ಮನಿಗೆ ಸಂತೋಷಕ್ಕೆ ಅಳು ಬಂದು, ಸೆರಗಲ್ಲಿ ಮುಖ ಮುಚ್ಚಿಕೊಂಡಳು. ಸೆರಗು ತೆಗೆದು ನೋಡಿದರೆ, ಮಾಯಣ್ಣ ತಿಪ್ಪೆಯಿಂದ ಮಂಕರಿ ತುಂಬ ಗೊಬ್ಬರ ತಂದು ಬೀಗರನ್ನು ಮೊಣಕಾಲವರೆಗೆ ಮುಚ್ಚಿದ್ದಾನೆ.

"ಅಲ್ಲಾಡಬೇಡಿ ಮಾವ," ಅನ್ನುತ್ತಿದ್ದ. "ಬೇರು ಬಿಡೋವರೆಗೆ ಅಲ್ಲಾಡಬಾರದು."