ಸಿಂಗಲ್ ಹ್ಯಾಂಡ್ ಗಾಡಿ

ಯಜಮಾನರ ಹಳೇ ಇಂಗ್ಲಿಷ್ ಪುಟ್ಟ ಕಾರು ಮಾರಾಟಕ್ಕಿತ್ತು. ಅಂಥದ್ದು ಮೈಸೂರು ಸೀಮೆಯಲ್ಲೇ ಇನ್ನೊಂದಿಲ್ಲ. ಮುಂದೆ ನಿಂತು ಹ್ಯಾಂಡಲ್ ಹೊಡೆದರೇ ಅದು ಸ್ಟಾರ್ಟ್ ಆಗುವುದು. ಆ ಹ್ಯಾಂಡಲ್ಲೇ ತಿರುಗಿ ಹೊಡೆದು ಡ್ರೈವರ್ ಚೆಲುವಯ್ಯನ ಬಲಗೈ ಹೋಗಿತ್ತು. ಈಗ ಕಾರು ಒರೆಸುವುದಷ್ಟೇ ಅವನ ಕೆಲಸ.

“ಕೈ ಇಲ್ಲದ್ದು ಕಾಣದ ಹಾಗೆ ತೋಳಿನ ಮೇಲೆ ಟವೆಲ್ ಹಾಕ್ಕೋ. ಮೊದಲಿಂದ ಒಬ್ಬರದೇ, ಸಿಂಗಲ್ ಹ್ಯಾಂಡ್ ಗಾಡಿ ಅನ್ನು. ಒಂದು ಮಾತು ಹೆಚ್ಚಾಡಿದರೆ ನಾಳೆಯಿಂದ ಬರಬೇಡ” ಎಂದರು ಯಜಮಾನರು.

ಕೊಳ್ಳುವವರು ಬಂದು, “ಗಾಡಿ ಹೇಗಪ್ಪಾ?” ಎಂದರು.

“ಸಿಂಗಲ್ ಹ್ಯಾಂಡ್ ಸ್ವಾಮಿ” ಎಂದು ಚೆಲುವಯ್ಯ ಕೈ ಮುಗಿಯಹೋದ. ಟವೆಲ್ ಜಾರಿತು. ಮೇಲೆದ್ದದ್ದು ಒಂದೇ ಕೈ.

ಬಂದವರು ಹ್ಯಾಂಡಲ್ ನೋಡಿದರು, ಅಂಗಿಯ ಖಾಲಿ ತೋಳು ನೋಡಿದರು, ಹೊರಟೇಹೋದರು.

“ಏನೋ ಬೊಗಳಿದೆ?” ಯಜಮಾನರು ಕೂಗಾಡಿದರು.

“ನೀವು ಹೇಳಿಕೊಟ್ಟಿದ್ದೇ, ಬುದ್ಧಿ. ಮಾತು ಒಂದೂ ಹೆಚ್ಚಿಲ್ಲ. ಕೈ ಮಾತ್ರ ಒಂದು ಕಮ್ಮಿ.”