ಹೋಗ್ತೀನಿ ಅಂದ ಅಳಿಯ

ಸಿದ್ದನಂಜಪ್ಪ ತಾತ ಕಾಯುತ್ತಿದ್ದ ಸೈಕಲ್ ಸ್ಟ್ಯಾಂಡಿನಿಂದ ನಲವತ್ತು ವರ್ಷದಲ್ಲಿ ಒಂದು ಬೆಲ್ಲಿನ ಮುಚ್ಚಳ ಕೂಡ ಕಳುವಾಗಿರಲಿಲ್ಲ. ಟೆಂಟ್ ಸಿನಿಮಾದ ಮುಂದಿನ ಸ್ಟ್ಯಾಂಡು ಅದು. ಒಂದು ಆಟಕ್ಕೆ ಏಳುನೂರು ಸೈಕಲ್ಲು. ಚೀಟಿ ಇಲ್ಲ, ನಂಬರಿಲ್ಲ. ತಾತ ಕಣ್ಣು ಮುಚ್ಚಿಕೊಂಡು ಬೆಲ್ಲಿನ ಸದ್ದು ಕೇಳಿಯೇ ಇದು ಇಂಥವರ ಸೈಕಲ್ಲು ಅನ್ನುತ್ತಿದ್ದ. ಸುಳ್ಳು ಅನ್ನೋಣವೆಂದರೆ ಈಗ ಆ ಟೆಂಟೂ ಇಲ್ಲ, ಆ ಸೈಕಲ್ಲುಗಳೂ ಇಲ್ಲ, ಅವನ್ನು ತುಳಿದವರೂ ಇಲ್ಲ. ಉಳಿದಿರುವವನು ತಾತ ಒಬ್ಬನೇ. ಅವನಿಗೆ ಎಲ್ಲ ಚೆನ್ನಾಗಿ ನೆನಪಿದೆ.

ಎಂಬತ್ತು ದಾಟಿದ ಮೇಲೆ ತಾತ ಹೊಂಗೆತೋಪು ಬಡಾವಣೆಯ ಮೂರನೇ ಅಡ್ಡರಸ್ತೆಗೆ, ಮಗಳ ಮನೆಗೆ ಬಂದ. ರಸ್ತೆಯ ಬಾಯಲ್ಲೇ ಒಂದು ಹೊಂಗೆ ಮರ. ಅದರ ನೆರಳು ಎಂಥದ್ದೆಂದರೆ, ನಡುಬೇಸಿಗೆಯಲ್ಲಿ ಅದರಡಿ ಕೂತವರು ಹೊದೆಯಲು ಕಂಬಳಿ ಕೇಳುತ್ತಿದ್ದರು. ಆ ನೆರಳಲ್ಲಿ ಒಂದು ಕಲ್ಲುಬೆಂಚು, ಬೆಂಚಿನ ಮೇಲೆ ತಾತ. ಪಕ್ಕದಲ್ಲಿ ಚೌಡಮ್ಮನ ಇಸ್ತ್ರಿ ಗಾಡಿ. ಇಪ್ಪತ್ತು ವರ್ಷದಿಂದ ಅವಳು ಅಲ್ಲೇ ಪೆಟ್ಟಿಗೆಗೆ ಕೆಂಡ ತುಂಬಿ ಇಡೀ ರಸ್ತೆಯ ಬಟ್ಟೆ ಉಜ್ಜುತ್ತಿದ್ದಳು. ಅವಳ ಅನ್ನದ ದಾರಿ ಅದೊಂದೇ.

ಆ ರಸ್ತೆಯವರು ಮನೆ ಕಟ್ಟುವಾಗ ಒಂದಂಗುಲ ಜಾಗವನ್ನೂ ಬಿಟ್ಟಿರಲಿಲ್ಲ. ಹಾಗಾಗಿ ಕಾರುಗಳೆಲ್ಲ ಬೀದಿಪಾಲು.

ಆ ವರ್ಷ ಯುಗಾದಿ ಕಳೆದ ಮೇಲೆ ಕಳ್ಳತನ ಶುರುವಾಯಿತು. ಅದೂ ಹಾಡಹಗಲಲ್ಲಿ, ಜನ ಉಂಡು ಒಂದು ಗಳಿಗೆ ಅಡ್ಡಾಗುವ ಹೊತ್ತಿಗೆ. ಆಗ ತಾತ ಊಟಕ್ಕೆ ಹೋಗಿರುತ್ತಿದ್ದ, ಚೌಡಮ್ಮ ಬಟ್ಟೆ ಕೊಡಲು ಮನೆಮನೆ ತಿರುಗುತ್ತಿರುತ್ತಿದ್ದಳು. ಒಂದು ಕಾರಿನಿಂದ ಲ್ಯಾಪ್‌ಟಾಪ್ ಹೋಯಿತು. ಇನ್ನೊಂದರಿಂದ ಕೈಚೀಲ. ಮತ್ತೊಂದರಿಂದ, ಮದುವೆಗೆಂದು ಹೊಲಿಸಿ ತಂದಿದ್ದ ಆರು ರವಿಕೆ. ಎಲ್ಲೂ ಗಾಜು ಒಡೆದಿರಲಿಲ್ಲ.

ಬಡಾವಣೆ ಸಂಘದ ಅಧ್ಯಕ್ಷ ಫಾಲನೇತ್ರಯ್ಯ ಬೆಂಚಿನ ಹತ್ತಿರವೇ ನಿಂತು ಹೇಳಿದರು. "ಆ ಹೊತ್ತಲ್ಲಿ ರಸ್ತೇಲಿ ಓಡಾಡೋಳು ಚೌಡಮ್ಮ ಒಬ್ಬಳೇ. ಗಾಡಿ ಎತ್ತಿಸೋಣ ಅಂತ ತೀರ್ಮಾನ ಆಗಿದೆ. ಎಲ್ಲರ ಸಹಿ ಹಾಕಿಸಿ ಸೋಮವಾರ ಅರ್ಜಿ ಕೊಡ್ತೀವಿ."

ಚೌಡಮ್ಮ ಆಗ ಬಟ್ಟೆ ಕೊಡಲು ಹೋಗಿದ್ದಳು. ತಾತನಿಗೆ ಮಾತ್ರ ಕೇಳಿಸಿತು.

"ಸ್ವಲ್ಪ ತಡೀರಿ ಫಾಲನೇತ್ರಯ್ಯನೋರೆ. ಏಳುನೂರು ಸೈಕಲ್ ಕಾದ ಕಣ್ಣಿದು. ಕಳ್ಳನ್ನ ನಾನು ಹಿಡ್ಕೊಡ್ತೀನಿ."

"ನಿಮ್ಮ ಸೈಕಲ್ ಪುರಾಣ ಆಮೇಲೆ ಕೇಳೋಣ ಯಜಮಾನರೇ," ಎಂದು ಅವರು ಹೋದರು.

ತಾತ ಚೌಡಮ್ಮನಿಗೆ ಏನೂ ಹೇಳಲಿಲ್ಲ. ಅವಳು ದಿನಾ ತರುವ ಚಹಾ ಕುಡಿಯುತ್ತಾ, ಸಾಲಾಗಿ ನಿಂತ ಕಾರುಗಳನ್ನು ಒಂದೊಂದಾಗಿ ನೋಡಿದ.

ಮಾರನೆಯ ಬೆಳಿಗ್ಗೆಯಿಂದ ಅವನೊಂದು ಕೆಲಸ ಹಿಡಿದ. ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಕಾರಿನೊಳಗೂ ಇಣುಕುವುದು, ಕಂಡದ್ದನ್ನು ಬೀದಿಗೆಲ್ಲ ಕೇಳುವಂತೆ ಕೂಗುವುದು.

"ಬಿಳಿ ಕಾರು, ಹಿಂದಿನ ಸೀಟು, ಒಂದು ಚೀಲ, ಹೊಟ್ಟೆ ತುಂಬಿದೆ. ಕೆಂಪು ಕಾರು, ಒಂದು ಮೊಬೈಲು, ಅರ್ಧ ಬಾಳೆಹಣ್ಣು, ಬಾಗಿಲಿಗೆ ಬೀಗ ಇಲ್ಲ."

ಅವನ ಗಂಟಲಿಗೆ ಮೂರನೇ ಅಡ್ಡರಸ್ತೆಯ ತೆಂಗಿನ ಮರದಿಂದ ಕಾಯಿ ಉದುರುತ್ತಿತ್ತು. ಜನ ನಾಚಿಕೊಂಡು ಓಡಿಬಂದು ಸಾಮಾನು ಒಳಗೆ ಒಯ್ದರು. ನಾಲ್ಕನೇ ದಿನಕ್ಕೆ ಕಾರುಗಳು ಎಷ್ಟು ಖಾಲಿಯಾದವೆಂದರೆ, ಒಂದು ನೊಣ ಕಿಟಕಿಯಿಂದ ನೋಡಿ, ಬೇಜಾರಾಗಿ ಪಕ್ಕದ ರಸ್ತೆಗೆ ಹೋಯಿತು. ಬೇಕಾದರೆ ಆ ನೊಣವನ್ನೇ ಕೇಳಿ.

ಫಾಲನೇತ್ರಯ್ಯನವರಿಗೆ ಮಾತ್ರ ಸಿಟ್ಟು. "ನಮ್ಮ ಕಾರೊಳಗೆ ನೀವ್ಯಾಕೆ ಇಣುಕ್ತೀರಿ?"

"ನಾನು ಇಣುಕಿದ್ದು ನಿಮಗೆ ಕಾಣ್ತು, ಕೇಳಿದ್ರಿ. ಕಳ್ಳ ಇಣುಕಿದ್ರೆ ಯಾರನ್ನ ಕೇಳ್ತೀರಿ?"

ಭಾನುವಾರ ತಾತ ಊಟವನ್ನು ಬೆಂಚಿಗೇ ತರಿಸಿಕೊಂಡ. ಚೌಡಮ್ಮನನ್ನೂ, "ಬಟ್ಟೆ ಸಂಜೆ ಕೊಟ್ಟರಾಯ್ತು, ಇಲ್ಲೇ ಇರವ್ವ," ಎಂದು ನಿಲ್ಲಿಸಿಕೊಂಡ. ಫಾಲನೇತ್ರಯ್ಯ ಅರ್ಜಿಗೆ ಕೊನೆಯ ಸಹಿ ಹಾಕಿಸಿಕೊಂಡು ಬಂದವರು, ಎರಡು ನಿಮಿಷ ಅಂತ ಕಾರಿಗೆ ಬೀಗ ಹಾಕದೆ ಒಳಗೆ ಹೋದರು. ಹೋಳಿಗೆ ಕಂಡು ಎರಡು ನಿಮಿಷ ಮುಕ್ಕಾಲು ಗಂಟೆಯಾಯಿತು.

ಆಗ ಒಬ್ಬ ಬಂದ. ಗರಿಗರಿ ಅಂಗಿ, ಹೊಳೆಯುವ ಚಪ್ಪಲಿ. ಮೋಟಾರ್ ಬೈಕನ್ನು ರಸ್ತೆಯ ಬಾಯಾಚೆ ನಿಲ್ಲಿಸಿದ.

"ಊಟ ಆಯ್ತಾ ತಾತ?" ಎಂದು ಅವನೇ ಮಾತಾಡಿಸಿದ.

"ಮಾಡ್ತಾ ಇದೀನಪ್ಪ. ಯಾರ ಮನೆಗೆ?"

"ಫಾಲನೇತ್ರಯ್ಯನವರ ಅಳಿಯ ನಾನು. ಬಳ್ಳಾರಿಯಿಂದ ಬಂದೆ."

ಫಾಲನೇತ್ರಯ್ಯನವರ ಹೆಸರು ಅವರ ಗೇಟಿನ ಮೇಲೇ ಬರೆದಿತ್ತು, ಅವನು ಅದನ್ನೇ ಓದಿ ಹೇಳಿದ್ದ. ಅದನ್ನು ಓದಲು ಬಾರದ ತಾತ ನಂಬಿಬಿಟ್ಟ. ಬಂದವನು ನೆಟ್ಟಗೆ ಫಾಲನೇತ್ರಯ್ಯನವರ ಕಾರಿನ ಹತ್ತಿರ ಹೋಗಿ, ಸ್ವಂತ ಕಾರೆಂಬಂತೆ ಬಾಗಿಲು ತೆಗೆದು, ಮುಂದಿನ ಸೀಟಿನ ಚೀಲ ಹೆಗಲಿಗೆ ಹಾಕಿಕೊಂಡು, ಅವಸರವಿಲ್ಲದೆ ವಾಪಸು ಬಂದ. ಮಾವನ ಚೀಲ ಅಳಿಯ ಹೊತ್ತರೆ ಕೇಳುವುದೇನಿದೆ. ಬೆಂಚಿನ ಹತ್ತಿರ ಬಂದಾಗ ಅವನು ನಗುತ್ತಾ ಅಂದ:

"ಹೋಗ್ತೀನಿ ತಾತ."

ತಾತನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ನಮ್ಮಲ್ಲಿ ಬೀದಿ ಕೊನೆಯ ಅಂಗಡಿಗೆ ಹೋಗುವವನೂ 'ಬರ್ತೀನಿ' ಅಂತಾನೆ. ಸಾಲಗಾರನೂ 'ಬರ್ತೀನಿ' ಅಂತಾನೆ. ಇನ್ನು ಅಳಿಯ ಅನ್ನೋನು, ದೀಪಾವಳಿಗೆ ಮತ್ತೆ ಬರಬೇಕಾದವನು, ಮಾವನ ಬೀದಿಯಲ್ಲಿ ನಿಂತು 'ಹೋಗ್ತೀನಿ' ಅಂತಾನೆಯೇ? ಹಾಗನ್ನುವವನಿಗೆ ಆ ಬೀದಿಗೆ ತಿರುಗಿ ಬರುವ ಮನಸ್ಸಿಲ್ಲ.

"ಚೌಡವ್ವ," ಎಂದ ತಾತ, "ಗಾಡಿ ಅಡ್ಡ ಹಾಕು."

ಚೌಡಮ್ಮ ಯಾಕೆ ಅಂತ ಕೇಳಲಿಲ್ಲ. ಸೊಂಟ ಕೊಟ್ಟು ನೂಕಿದಳು. ಗಾಡಿ ರಸ್ತೆಯ ಬಾಯಿಗೆ ಅಡ್ಡ ನಿಂತಿತು. ಗಾಡಿಯ ಹಿಂದೆ ಅವಳು, ಅವಳ ಕೈಯಲ್ಲಿ ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ.

"ಅಂಗಿ ಸುಕ್ಕಾಗಿದೆಯಲ್ಲ ಸ್ವಾಮಿ," ಎಂದಳು. "ಮೈಮೇಲೇ ಉಜ್ಜಿಕೊಡ್ಲಾ?"

ಅವನು ಚೀಲ ಎಸೆದು ಹಿಂದಕ್ಕೆ ಓಡಿದ. ರಸ್ತೆಯ ಕೊನೆಯಲ್ಲಿ ಎರಡಾಳೆತ್ತರದ ಕಾಂಪೌಂಡು. ಅದನ್ನು ಹಾರಿದ ರಭಸಕ್ಕೆ ಅವನ ಒಂದು ಚಪ್ಪಲಿ ಮೇಲಕ್ಕೆ ಹೋದದ್ದು ಇನ್ನೂ ಕೆಳಗೆ ಬಂದಿಲ್ಲ.

ಗದ್ದಲಕ್ಕೆ ಜನ ಸೇರಿದರು. ಬಿಟ್ಟುಹೋದ ಬೈಕಿನ ಪೆಟ್ಟಿಗೆ ತೆಗೆದರೆ ಆರು ರವಿಕೆ. ಅಳತೆ ಯಾರಿಗೂ ಹೊಂದದೆ ಅವನಲ್ಲೇ ಉಳಿದಿದ್ದವು. ಬೈಕಿನ ನಂಬರ್ ಹಿಡಿದು ಪೊಲೀಸರು ಸಂಜೆಯೊಳಗೆ ಅವನನ್ನೂ ಹಿಡಿದರು.

ಫಾಲನೇತ್ರಯ್ಯ ಓಡಿಬಂದಾಗ ಚೀಲದಿಂದ ಬಿದ್ದ ಕಾಗದವೊಂದನ್ನು ಚೌಡಮ್ಮ ಎತ್ತಿಕೊಳ್ಳುತ್ತಿದ್ದಳು. ಅವಳಿಗೂ ಓದಲು ಬಾರದು.

"ಸಹಿ ಎಲ್ಲ ಇದೆ, ಬೇಕಾದ ಕಾಗದ ಇರಬೇಕು ಸಾರ್. ಮುದುರಿಹೋಗಿದೆ. ಒಂದು ನಿಮಿಷ." ಮೇಲೊಂದು ಬಟ್ಟೆ ಹಾಸಿ, ಹುಷಾರಾಗಿ ಪೆಟ್ಟಿಗೆ ಆಡಿಸಿ, ಹೊಸದರಂತೆ ಮಾಡಿ ಎರಡೂ ಕೈಯಲ್ಲಿ ಕೊಟ್ಟಳು.

ಅದು ಅವಳ ಗಾಡಿ ಎತ್ತಿಸುವ ಅರ್ಜಿ.

ಫಾಲನೇತ್ರಯ್ಯ ತಾತನ ಮುಖ ನೋಡಿದರು. ತಾತ ಅನ್ನ ಕಲೆಸುತ್ತಿದ್ದ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ, ಪೆಟ್ಟಿಗೆಯ ಮುಚ್ಚಳ ತೆಗೆದು ಕೆಂಡದೊಳಗೆ ಹಾಕಿದರು.

"ಕೆಂಡ ಆರ್ತಾ ಇತ್ತಮ್ಮ," ಎಂದರು.

ಮಾರನೆಯ ಸಂಜೆ ಅರ್ಧ ರಸ್ತೆ ಮರದಡಿ ಕೂತಿತ್ತು. ತಾತ ನಾಲ್ಕನೇ ಸಲ ಕಥೆ ಹೇಳುತ್ತಿದ್ದ. "ನಲವತ್ತು ವರ್ಷ ಒಂದು ಸೈಕಲ್ಲೂ ಕಳೆದಿಲ್ಲ. ಬರ್ತೀನಿ ಅಂದವನನ್ನ ಬಿಡ್ತಿದ್ದೆ. ಹೋಗ್ತೀನಿ ಅಂದವನನ್ನ ಹಿಡೀತಿದ್ದೆ. ಅದೇ ಗುಟ್ಟು."

ಚೌಡಮ್ಮ ಪೆಟ್ಟಿಗೆ ಕೆಳಗಿಟ್ಟಳು. "ತಾತ, ಒಂದೂ ಕಳೆದಿಲ್ಲ ಅಂತೀರಿ. ಹೋಗ್ತೀನಿ ಅನ್ನೋನು ಕಳ್ಳ ಅಂತ ನಿಮಗೆ ಮೊದಲು ಗೊತ್ತಾಗಿದ್ದು ಹೆಂಗೆ?"

ಎಲ್ಲರೂ ತಾತನತ್ತ ತಿರುಗಿದರು. ತಾತ ಒಮ್ಮೆ ಮರ ನೋಡಿದ, ಒಮ್ಮೆ ರಸ್ತೆ ನೋಡಿದ. ಆಮೇಲೆ ಹೆಗಲ ಮೇಲಿನ ವಸ್ತ್ರ ಕೊಡವಿದ.

"ಒಂದೇ ಒಂದು, ಹಸಿರು ಸೈಕಲ್ಲು," ಎಂದ. "ಬೆಲ್ ಬಲು ಚೆನ್ನಾಗಿತ್ತು."

ನೀತಿ: ಕಾಣುವಂತೆ ಇಟ್ಟದ್ದು ಕರೆದು ಕೊಟ್ಟಂತೆ. ಎರಡೇ ನಿಮಿಷವಾದರೂ ಕಾರಿಗೆ ಬೀಗ ಹಾಕಿ. ಬೀದಿಗೆ ಬೀಗವಿಲ್ಲ, ಅಲ್ಲಿ ಕೂತವರ ಕಣ್ಣು ಕಿವಿಯೇ ಅದಕ್ಕೆ ಬೀಗ. ಅವರನ್ನು ಅನುಮಾನದಿಂದ ಓಡಿಸಬೇಡಿ. ಒಮ್ಮೆ ಕಳೆದುಕೊಂಡವನ ಮಾತನ್ನು, ಅವನು ಎಷ್ಟೇ ಜಂಬ ಕೊಚ್ಚಲಿ, ಕಿವಿಗೊಟ್ಟು ಕೇಳಿ.