ಬೀಗುವ ಕನ್ನಡಿ, ಬಿಗಿಯುವ ವಾಷರ್

ಹಳೆಯ ಬೈಕಿಗೆ ಹೊಳೆಯುವ ಹೊಸ ಕನ್ನಡಿಯೊಂದು ಬಂತು. ಅದನ್ನು ಕೂರಿಸಲು ಮೆಕ್ಯಾನಿಕ್ ಇಸ್ಮಾಯಿಲ್ ಸಾಬರು ಒಂದು ನಟ್ಟನ್ನೂ ಒಂದು ಸ್ಪ್ರಿಂಗ್ ವಾಷರನ್ನೂ ತೆಗೆದಿಟ್ಟರು. ವಾಷರಿನ ಉಂಗುರ ಒಂದು ಕಡೆ ಸೀಳಿರುವುದನ್ನು ಕಂಡು ಕನ್ನಡಿ ನಕ್ಕಿತು.

"ಎಲೈ ಒಡೆದ ಬಳೆಯೇ, ಶುಭಕಾರ್ಯಕ್ಕೆ ನಿನ್ನನ್ನು ಕರೆದವರು ಯಾರು?"

"ನಾನು ಒಡೆದದ್ದಲ್ಲ ತಾಯಿ, ಹುಟ್ಟಿದ್ದೇ ಹೀಗೆ. ದಾರಿ ಕುಲುಕಿದಾಗ ಈ ಸೀಳೇ ನಟ್ಟನ್ನು ಕಚ್ಚಿ ಹಿಡಿಯುತ್ತದೆ."

"ನನಗೆ ನಟ್ಟಪ್ಪನೊಬ್ಬನೇ ಸಾಕು. ನೀನು ತೊಲಗು."

"ಹಾಗೇ ಆಗಲಿ" ಎಂದು ವಾಷರ್ ಉರುಳಿ ಗ್ರೀಸ್ ಡಬ್ಬಿಯ ಹಿಂದೆ ಅಡಗಿತು. ಹುಡುಕಿ ಬೇಸತ್ತ ಸಾಬರು ಬರೀ ನಟ್ಟು ಹಾಕಿ ಕಳಿಸಿದರು.

ರಸ್ತೆಯ ಮೊದಲ ಗುಂಡಿಗೆ ನಟ್ಟು ಸಡಿಲಾಯಿತು. ಎರಡನೆಯದಕ್ಕೆ ಕನ್ನಡಿ ತಿರುಗಿ, ಹಿಂದಿನ ಲಾರಿಯ ಬದಲು ಸವಾರ ಶಾಂತಪ್ಪನ ಮೂಗನ್ನೇ ತೋರಿಸತೊಡಗಿತು. ಮೂರನೆಯದಕ್ಕೆ ತಲೆಕೆಳಗಾಗಿ ಜೋತುಬಿತ್ತು. ಶಾಂತಪ್ಪ ಅಂಗಡಿಗೆ ಮರಳಿ ಗುಡುಗಿದ: "ಸಾಬ್ರೇ, ಈ ದಂಡಪಿಂಡವನ್ನು ಕಿತ್ತು ಗುಜರಿಗೆ ಹಾಕಿ!"

ಕನ್ನಡಿ ನಡುಗಿತು. "ವಾಷರಣ್ಣಾ, ಎಲ್ಲಿದ್ದೀಯಪ್ಪಾ?"

ವಾಷರ್ ನಿಧಾನವಾಗಿ ಉರುಳಿ ಬಂದು ಸಾಬರ ಕಾಲಿಗೆ ತಾಗಿ ನಿಂತಿತು.

"ಬಂದೆ ತಾಯಿ. ಬೀಗುವುದು ನಿನ್ನ ಕೆಲಸ, ಬಿಗಿಯುವುದು ನನ್ನದು."